ಮಂಚದ ಕೆಳಗಿನ ರಾಗಿ

ಜೂನ್ 3, 2003. ಮಂಗಳವಾರ. ಬೆಳಗ್ಗೆ 6.10

ಇವತ್ತೂ ಐದಕ್ಕೇ ಬಾಗಿಲು ಬಡಿತ. ಎರಡು ಸಲ, ಸ್ವಲ್ಪ ಬಿಟ್ಟು ಒಂದು ಸಲ. ಗಂಡ ದಿಂಬನ್ನು ತಲೆ ಮೇಲೆ ಎಳೆದುಕೊಂಡು, "ಹೋಗು, ಕ್ಯಾಪ್ಟನ್ ಬಂದ್ರು" ಅಂದರು. ಚಿಲಕ ತೆಗೆದೆ. ಅವರ ಅಕ್ಕ ಚೌಡೇಶ್ವರಿ ಟಾರ್ಚ್ ಹಿಡಿದು ನಿಂತಿದ್ದರು. ಬಾಚಿದ ತಲೆ, ಇಸ್ತ್ರಿ ಮಾಡಿದ ಚೂಡಿದಾರ್. ಐದು ಗಂಟೆಗೆ! "ಸಾರಿ ಸ್ವಾತಿ, ಎರಡೇ ನಿಮಿಷ" ಅಂದು ನೇರ ನಮ್ಮ ಮಂಚದ ಕೆಳಗೆ ತೂರಿದರು. ಸರಸರ ಸದ್ದು. ನೀರು ಚಿಮುಕಿಸಿದ ಸದ್ದು. ಹೊರಗೆ ಬಂದು, ವಾಚು ನೋಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು.

"ಏನ್ರೀ ಅದು ಕೆಳಗೆ?"

"ನಾನೂ ಕೇಳಿಲ್ಲ. ಅವಳಾಗಿ ಹೇಳೋ ತನಕ ಸುಮ್ನಿರು."

ಕೆ.ಇ.ಬಿ.ಯಲ್ಲಿ ಜೂನಿಯರ್ ಇಂಜಿನಿಯರ್. ಹೈಟೆನ್ಷನ್ ಲೈನಿಗೆ ಹೆದರಲ್ಲ, ಅಕ್ಕನಿಗೆ ಹೆದರುತ್ತಾರೆ. ಸೋ ಸ್ವೀಟ್!! ಈ ಮನೆಯಲ್ಲಿ ಗಂಡನ ಹೆಸರು ಬಾಯಲ್ಲಿ ಬರಬಾರದಂತೆ. ಡೈರಿಯಲ್ಲಿ ಬರಬಹುದು. ಮಾರುತೇಶ್. ಮಾರುತೇಶ್. ಮಾರುತೇಶ್.

ಮದುವೆಯಾಗಿ ಹದಿನಾರು ದಿನ. ಹೊಸದುರ್ಗ ಬೋರ್ ಹೊಡೆಯುತ್ತೆ ಅಂತ ಚಿತ್ರದುರ್ಗದ ಫ್ರೆಂಡ್ಸ್ ಎಲ್ಲ ಹೆದರಿಸಿದ್ದರು. ಅವರ ಯಾರ ಮಂಚದ ಕೆಳಗಾದರೂ ಸೀಕ್ರೆಟ್ ಇದೆಯಾ?

ಜೂನ್ 4. ಬುಧವಾರ

ಕೇಳಬಾರದು ಅಂದರು. ನೋಡಬಾರದು ಅಂದಿಲ್ಲವಲ್ಲ.

ಅತ್ತೆ ಹಿತ್ತಲಲ್ಲಿದ್ದಾಗ ಬಗ್ಗಿ ನೋಡಿದೆ. ಒದ್ದೆ ಗೋಣಿಚೀಲ. ಅದರ ಮೇಲೆ ಮಾವನ ಹಳೇ ಪಂಚೆ. ಪಂಚೆ ಸರಿಸಿದರೆ... ರಾಗಿ! ಒಂದೊಂದು ಕಾಳಿಗೂ ಪುಟ್ಟ ಬಿಳಿ ಬಾಲ. ಕೈ ಇಟ್ಟೆ, ಬೆಚ್ಚಗಿತ್ತು. ಮಲಗಿದ ಬೆಕ್ಕಿನ ಹೊಟ್ಟೆ ಮುಟ್ಟಿದ ಹಾಗೆ. ನಡುವೆ ಒಂದು ಥರ್ಮಾಮೀಟರ್ ಚುಚ್ಚಿದೆ.

"ಎಷ್ಟು ಡಿಗ್ರಿ ಐತೆ, ಓದು."

ಅಕ್ಕ! ಹಿಂದೆಯೇ ನಿಂತಿದ್ದಾರೆ. ಎದ್ದ ರಭಸಕ್ಕೆ ತಲೆ ಮಂಚಕ್ಕೆ ಹೊಡೆಯಿತು.

"ಮೂವತ್ತು, ಅಕ್ಕಾ."

"ಎರಡು ಜಾಸ್ತಿ. ಬಾ, ತಿರುವಾಣ."

ಇಬ್ಬರೂ ಹೊಟ್ಟೆ ಮೇಲೆ ಮಲಗಿ ಬೆರಳಲ್ಲಿ ರಾಗಿ ತಿರುವಿದೆವು. ಈ ಮನೆಯಲ್ಲಿ ತಂಪಾದ ಕತ್ತಲೆ ಕೋಣೆ ಇದೊಂದೇ. ಮದುವೆಗೆ ಮುಂಚೆ ಅಕ್ಕನದು. ನಮಗೋಸ್ಕರ ಬಿಟ್ಟುಕೊಟ್ಟು ಅವರು ಅಡುಗೆಮನೆ ಪಕ್ಕದ ಸ್ಟೋರ್‌ರೂಮಿನಲ್ಲಿ ಮಲಗುತ್ತಾರೆ. ರಾಗಿಗೆ ಮಾತ್ರ ಬೇರೆ ಜಾಗ ಸಿಗಲಿಲ್ಲ.

"ಯಾಕಕ್ಕಾ ಇದೆಲ್ಲ?"

"ಬೀರಿಗೆ."

ನಾನು ನಕ್ಕೆ. ಅವರು ನಗಲಿಲ್ಲ.

ಜೂನ್ 6. ಶುಕ್ರವಾರ

ನಗುವ ವಿಷಯ ಅಲ್ಲ ಯಾಕೆ ಅಂದರೆ, ಮಾವ ಓಬಳೇಶಪ್ಪನವರು ಮೂವತ್ತೊಂದು ವರ್ಷ ಅಬಕಾರಿ ಗಾರ್ಡ್ ಆಗಿದ್ದವರು. ಗುಡ್ಡ ಗುಡ್ಡ ಹತ್ತಿ ಕಳ್ಳಬಟ್ಟಿ ಹಿಡಿದು ಗಡಿಗೆ ಒಡೆದವರು. ಒಂದು ತೊಟ್ಟು ಮುಟ್ಟಿಲ್ಲ. ನಮ್ಮ ಮದುವೆಯಲ್ಲಿ ಯಾರೋ ನೆಂಟರು ಕುಡಿದು ಬಂದಿದ್ದಕ್ಕೆ ಊಟಕ್ಕೇ ಕೂರಲಿಲ್ಲ. ಅಂಥವರ ಮಗಳು!

ಪಡಸಾಲೆಯಲ್ಲಿ ಒಂದು ದೊಡ್ಡ ಫೋಟೋ ಇದೆ. 1997, ಚೆನ್ನೈ, ಅಕ್ಕನ ಪಾಸಿಂಗ್ ಔಟ್. ಅಕ್ಕನ ಭುಜದ ಮೇಲೆ ಹೊಸ ಸ್ಟಾರ್. ಎದುರಿಗೆ ಮಾವ ಖಾಕಿಯಲ್ಲಿ, ಸೆಲ್ಯೂಟ್ ಹೊಡೆಯುತ್ತಿದ್ದಾರೆ. ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ: "ಗಾರ್ಡ್ ಅಂದ್ರೆ ಕಂಡೋರಿಗೆಲ್ಲ ಸೆಲ್ಯೂಟ್ ಹೊಡ್ಯೋನು. ಅವತ್ತೊಂದಿನ ಖುಷೀಲಿ ಹೊಡ್ದೆ."

ಇವತ್ತು ಅಕ್ಕ ಬಟ್ಟೆ ಮಡಚುತ್ತಾ ಎಲ್ಲ ಹೇಳಿದರು. ನನಗೆ ಆರ್ಮಿ ಅಂದರೆ ಬಂದೂಕು. ಅಕ್ಕನ ಆರ್ಮಿಯಲ್ಲಿ ಮೂಟೆಗಳು! ಪಠಾಣ್‌ಕೋಟ್ ಹತ್ತಿರ ರೇಷನ್ ಡಿಪೋ. ಲಾರಿಗಟ್ಟಲೆ ಗೋಧಿ, ಬೇಳೆ, ಸಕ್ಕರೆ. ಮೂಟೆಗೆ ಕೊಳವೆ ಚುಚ್ಚಿ ಕಾಳು ತೆಗೆದು ಹಲ್ಲಲ್ಲಿ ಕಚ್ಚಿ ನೋಡೋದು. ಟಕ್ ಅಂದರೆ ಪಾಸ್. ಮೆತ್ತಗಿದ್ದರೆ ಲಾರಿ ವಾಪಸ್. ಕಂಟ್ರಾಕ್ಟರುಗಳು ಅಕ್ಕನ ಹಲ್ಲಿಗೆ ಹೆದರುತ್ತಿದ್ದರಂತೆ.

ಒಮ್ಮೆ ಸೈನಿಕರ ಮಾಲ್ಟ್ ಪುಡಿ ತಯಾರಾಗುವ ಕಡೆ ಇನ್‌ಸ್ಪೆಕ್ಷನ್‌ಗೆ ಹೋದರಂತೆ. ಮದುವೆ ಛತ್ರದಷ್ಟು ದೊಡ್ಡ ಹಾಲ್. ನೆಲದ ತುಂಬ ಮೊಳೆತ ಬಾರ್ಲಿ. ಮರದ ಸಲಿಕೆ ಹಿಡಿದು ಗಂಡಸರು ತಿರುವುತ್ತಿದ್ದಾರೆ.

"ಬಾಗ್ಲು ತೆಗೆದ ಕೂಡ್ಲೆ ಅವ್ವ ರಾಗಿ ಮೊಳಕೆ ಕಟ್ಟಿದ ವಾಸ್ನೆ ಬಂತು ಸ್ವಾತಿ. ಎರಡು ಸಾವಿರ ಕಿಲೋಮೀಟ್ರು ದೂರದಾಗೆ, ನಮ್ಮ ಅಡುಗೆಮನೆ! ಅಲ್ಲಿಂದ ಬರಾಕೇ ಮನಸಾಗ್ಲಿಲ್ಲ."

ಮೊಳೆಸಿ ಒಣಗಿಸಿದ ಅದೇ ಮಾಲ್ಟಿನಿಂದ ಬೀರೂ ಆಗುತ್ತೆ ಅಂತ ಅವತ್ತು ಗೊತ್ತಾಯಿತಂತೆ. ಐದು ವರ್ಷ ಮುಗಿಸಿ ಬಂದ ಮೇಲೆ ಬ್ರೂವರಿಗಳಿಗೆ ಹನ್ನೊಂದು ಪತ್ರ ಬರೆದರು. ಎರಡಕ್ಕೆ ಉತ್ತರ. ಒಂದರಲ್ಲಿ, ಹೆಂಗಸರಿಗೆ ನೈಟ್ ಶಿಫ್ಟ್ ಇಲ್ಲ, ಆಫೀಸ್ ಕೆಲಸ ಬೇಕಾದರೆ ನೋಡೋಣ. ಇನ್ನೊಂದು ಬೆಂಗಳೂರಿನ ಒಬ್ಬ ಮುದುಕ ಬ್ರೂಮಾಸ್ಟರ್‌ದು, ಅಂದರೆ ಬೀರು ತಯಾರಿಸುವವರ ಮೇಸ್ತ್ರಿ. ಒಂದೇ ಸಾಲು: ನೀವೇ ಕೈಯಾರೆ ಮಾಲ್ಟ್ ಮಾಡಿದ ಕಾಳು ತನ್ನಿ, ಮೊದಲು ಅದನ್ನು ನೋಡುತ್ತೇನೆ, ಆಮೇಲೆ ನಿಮ್ಮನ್ನು.

ಇಲ್ಲಿ ಬಾರ್ಲಿ ಎಲ್ಲಿದೆ? ಮತ್ತೋಡಿನ ಹೊಲದ ರಾಗಿ ಇದೆ.

"ಕಾನೂನು ಗೊತ್ತು ನಂಗೆ. ನೆನೆಸೋದು, ಮೊಳೆಸೋದು, ಒಣಗಿಸೋದು. ಅಷ್ಟೆ. ಹುದುಗು ಬರ್ಸೋ ಕೆಲ್ಸ ಈ ಮನೇಲಿ ಮಾಡಲ್ಲ."

"ಮಾವನಿಗೆ ಹೇಳಿಬಿಡಿ ಅಕ್ಕಾ..."

"ಬ್ಯಾಡ ಅಂದ್ರೂ ಹೋಗ್ತೀನಿ. ಆದ್ರೆ ಆಮೇಲೆ ಈ ಮನೆ ಹೊಸ್ತಿಲು ಹೆಂಗೆ ತುಳೀಲಿ, ಹೇಳು. ಆ ಫೋಟೋ ಕೆಳಗೆ ಹೆಂಗೆ ಕುಂತ್ಕಂಡು ಉಣ್ಲಿ?"

ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿದೆ.

ಜೂನ್ 8. ಭಾನುವಾರ

ಐ ಆಮ್ ಎ ಡಿಸಾಸ್ಟರ್.

ಅಕ್ಕ ನಿನ್ನೆ ಹೊಲಕ್ಕೆ ಹೋಗಿದ್ದರು. ಎಷ್ಟು ದಿನ ಬೇಕೋ ನೋಡೋಣ ಅಂತ ಕೆಳಗೇ ಬಿಟ್ಟಿದ್ದ ರಾಗಿ ನನ್ನ ಪಾಲಿಗೆ. ಪಾಪ ಬಾಯಾರಿದೆಯೇನೋ ಅನ್ನಿಸಿ ಗಂಟೆಗೊಮ್ಮೆ ನೀರು ಕೊಟ್ಟೆ. ಇವತ್ತು ಕೋಣೆಯೆಲ್ಲ ಹುಳಿ ವಾಸನೆ. ಮಾರುತೇಶ್ ಮೂಗು ಮುಚ್ಚಿಕೊಂಡು ಪಡಸಾಲೆಯಲ್ಲಿ ಮಲಗಿದರು. (ಮೊದಲ ವಿರಹ!!)

ಅಕ್ಕ ಬೈಯಲಿಲ್ಲ. ಪುಸ್ತಕದಲ್ಲಿ ಬರೆದರು: "ಬ್ಯಾಚ್ 1. ಹುಳಿ. ಕಾರಣ: ಅತಿ ಉಪಚಾರ." ಪೂರ್ತಿ ಪಕ್ಕದ ಮನೆ ರಂಗಕ್ಕನ ಎಮ್ಮೆಗೆ ಹೋಯಿತು. ಬ್ಯಾಚ್ 2 ನೆನೆಹಾಕಿದ್ದಾರೆ.

ಒಂದು ವಿಷಯ. ಮಧ್ಯಾಹ್ನ ಮಾವ ನಮ್ಮ ಕೋಣೆಯ ಕಿಟಕಿ ಹೊರಗೆ ತೆಂಗಿನಮರ ನೋಡುತ್ತಾ ನಿಂತಿದ್ದರು. ತುಂಬ ಹೊತ್ತು. ಆ ಮರದಲ್ಲಿ ನೋಡುವಂಥದ್ದೇನೂ ಇಲ್ಲ.

ಜೂನ್ 16. ಸೋಮವಾರ

ಎಂಟು ದಿನ ಬರೆದಿಲ್ಲ. ರಾಗಿ ಬೆಳೆಸುವವರಿಗೆ ಪುರುಸೊತ್ತು ಎಲ್ಲಿ!

ಬ್ಯಾಚ್ 2 ಸೂಪರ್. ಮೂರು ದಿನ ಮಂಚದ ಕೆಳಗೆ, ಎರಡು ದಿನ ತಾರಸಿಯ ಮೇಲೆ. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಬಾಲಗಳನ್ನೆಲ್ಲ ಉದುರಿಸಿದೆವು. "ಹಪ್ಪಳಕ್ಕೆ ಜಾಗ ಇಲ್ದಂಗೆ ಮಾಡೀರಲ್ಲ, ಏನದು?" ಅಂತ ಅತ್ತೆ ಕೇಳಿದರು. "ರಾಗಿ ಮಾಲ್ಟ್, ಮೈಗೆ ಒಳ್ಳೇದು" ಅಂದರು ಅಕ್ಕ. ಸುಳ್ಳಲ್ಲ. ಬ್ಯಾಚ್ 3 ನಿನ್ನೆಯಿಂದ ಕೆಳಗಿದೆ.

ಬ್ರೂಮಾಸ್ಟರ್ ಪತ್ರವೂ ಬಂತು! ಜೂನ್ 25, ಬುಧವಾರ, ಹನ್ನೊಂದು ಗಂಟೆ, ಬೆಂಗಳೂರು.

ನಾನೂ ಕಚ್ಚಿ ನೋಡುವುದು ಕಲಿತೆ. ಮೊದಲು ಪುಡಿ, ಆಮೇಲೆ ಸಿಹಿ. ಬರೀ ರಾಗಿ, ಸಿಹಿ! ಎಲ್ಲಿಂದ ಬಂತು ಸಕ್ಕರೆ? ತಾರಸಿಯ ಮೇಲೆ ನಿಂತು ಒಂದೊಂದೇ ಕಾಳು ಕಚ್ಚುತ್ತಾ ಯೋಚಿಸುತ್ತಿದ್ದೆ. ರಂಗಕ್ಕ ಅವರ ತಾರಸಿಯಿಂದ ನೋಡಿದರು.

"ಏನ್ ತಿಂತಿದೀಯವ್ವ?"

"ಮೊಳಕೆ ರಾಗಿ ರಂಗಕ್ಕ, ತುಂಬಾ ಟೇಸ್ಟಿಯಾಗಿದೆ!"

"ಹಸೀದಾ?"

"ದಿನಾ ತಿಂತೀನಿ!"

ರಂಗಕ್ಕ ಬೆರಳು ಮಡಚಿ ಏನೋ ಎಣಿಸಿದರು. ಆಮೇಲೆ ಎಷ್ಟು ಚೆನ್ನಾಗಿ ನಕ್ಕರು! ಪ್ರೀತಿಯ ನೆರೆಹೊರೆ.

ಜೂನ್ 19. ಗುರುವಾರ

ಏನೋ ನಡೆಯುತ್ತಿದೆ. ಅತ್ತೆ ನನ್ನ ಕೈಯಿಂದ ಕೊಡ ಕಿತ್ತುಕೊಂಡರು. "ಭಾರ ಎತ್ಬ್ಯಾಡ." ಊಟಕ್ಕೆ ನನಗೆ ಮಾತ್ರ ತುಪ್ಪ. ಮಾವಿನಕಾಯಿ ಬೇಕಾ ಅಂತ ಮೂರು ಸಲ ಕೇಳಿದರು. ಹೂವು ಮಾರುವವಳೂ ನನ್ನ ಹೊಟ್ಟೆ ನೋಡಿ ಒಂದು ಮೊಳ ಜಾಸ್ತಿ ಕೊಟ್ಟಳು.

ಮಾರುತೇಶ್ ಆಫೀಸಿನಿಂದ ಕೆಂಪಾಗಿ ಬಂದರು. ಲೈನ್‌ಮನ್ ಚಿತ್ತಯ್ಯ ಸ್ವೀಟ್ ಕೇಳಿದನಂತೆ.

ಓ ಗಾಡ್. ಹಸಿ ರಾಗಿ ತಿನ್ನುವ ಹೊಸ ಹೆಣ್ಣು. ಬಯಕೆ! ಅದೂ ಸಾಲದು ಅಂತ ಅತ್ತೆ ಕಸ ಗುಡಿಸುವಾಗ ಮಂಚದ ಕೆಳಗೆ ಮೊಳಕೆ ಕಂಡಿದ್ದಾರೆ. ಸೊಸೆ ನಾಚಿಕೊಂಡು ಕದ್ದು ತಿನ್ನುತ್ತಿದ್ದಾಳೆ ಅಂತ ಲೆಕ್ಕ.

ಈಗ ನಿಜ ಬರೆಯುತ್ತೇನೆ. ನನ್ನ ತಿಂಗಳ ಲೆಕ್ಕವೂ ಹನ್ನೆರಡು ದಿನ ಮುಂದೆ ಹೋಗಿದೆ. ಮದುವೆ, ಊರು ಬದಲು, ನೀರು ಬದಲು... ಅದಕ್ಕೇ ಇರಬಹುದು. ಇಲ್ಲದೆಯೂ ಇರಬಹುದು. ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿಕೊಂಡೆ. ಸ್ಟುಪಿಡ್. ಇನ್ನೊಂದು ಸಲ ನೋಡಿಕೊಂಡೆ.

ಅಕ್ಕ ಹೇಳಿದರು: "ಇದ್ರೆ ಸಂತೋಷ. ಇಲ್ದಿದ್ರೆ ಹೇಳ್ಬಿಡು, ನನ್ನ ರಾಗಿ ಉಳಿಸಾಕೆ ಅಂತ ಸುಮ್ನಿರಬ್ಯಾಡ."

ನನಗೇ ಗೊತ್ತಿಲ್ಲ ಅಕ್ಕಾ. ಸುಮ್ಮನಿದ್ದೆ.

ಜೂನ್ 21. ಶನಿವಾರ. ಸಂಜೆ

ಹೋಯಿತು. ಒಣಗಿಸಿ ತುಂಬಿಟ್ಟಿದ್ದ ಮಾಲ್ಟಿನ ಎರಡೂ ಡಬ್ಬ ಖಾಲಿ.

ಅತ್ತೆ ಸಂಭ್ರಮದಿಂದ ಬಂದರು. ತಲೆಯ ಮೇಲೆ ಹಿಟ್ಟಿನ ಡಬ್ಬ, ಕಣ್ಣುರೆಪ್ಪೆಯ ಮೇಲೂ ಹಿಟ್ಟು. ಸ್ಟೋರ್‌ರೂಮಿನಲ್ಲಿದ್ದ ಬ್ಯಾಚ್ 2, ಬ್ಯಾಚ್ 3, ಎಲ್ಲ ಒಟ್ಟಿಗೆ ಸುರಿದು, ಹುರಿಗಡಲೆ, ಏಲಕ್ಕಿ ಸೇರಿಸಿ ಗಿರಣಿಯಲ್ಲಿ ಬೀಸಿಸಿದ್ದಾರೆ. "ಹಸೀದ್ಯಾಕೆ ತಿಂತೀಯೇ ಹುಚ್ಚಿ. ದಿನಾ ಬೆಳಗ್ಗೆ ಹಾಲಾಗೆ ಕಾಯಿಸ್ಕೊಡ್ತೀನಿ. ಮಗೀಗೂ ತಾಯೀಗೂ ಆಗ್ತೈತೆ."

ಅಕ್ಕ ಹಿಟ್ಟನ್ನು ಚಿಟಿಕೆ ಹಿಡಿದು ನೋಡಿದರು. "ನುಣ್ಣಗೈತೆ ಅವ್ವ" ಅಂದರು. ಅಷ್ಟೆ. ಹಿತ್ತಲಿಗೆ ಹೋಗಿ ಕೈ ತೊಳೆದರು. ತುಂಬ ಹೊತ್ತು ತೊಳೆದರು.

ಹೊಸದಾಗಿ ಮಾಡಲು ಆರು ದಿನ ಬೇಕು. ಉಳಿದಿರುವುದು ನಾಲ್ಕು. ನಾನು ಗುರುವಾರವೇ ಬಾಯಿ ಬಿಟ್ಟಿದ್ದರೆ... ಹನ್ನೆರಡು ದಿನದ ಆಸೆಗೆ ಸುಮ್ಮನಿದ್ದೆ.

ಜೂನ್ 22. ಭಾನುವಾರ

ಬೆಳಗ್ಗೆ ಹೊರಗಾದೆ.

ಬಚ್ಚಲಲ್ಲಿ ಸ್ವಲ್ಪ ಕಣ್ಣೀರು ಹಾಕಿದೆ. ಯಾಕೆ ಅಂತ ಸರಿಯಾಗಿ ಗೊತ್ತಿಲ್ಲ. ಮುಖ ತೊಳೆದು ಪಡಸಾಲೆಗೆ ಬಂದೆ. ಅತ್ತೆ ಚಂದ್ರಕ್ಕ ಲೋಟ ಹಿಡಿದು ನಿಂತಿದ್ದರು. ಬಿಸಿ ರಾಗಿ ಹಾಲು. ಮಾವ ಪೇಪರ್ ಓದುತ್ತಿದ್ದರು, ಮಾರುತೇಶ್ ಶೂ ಒರೆಸುತ್ತಿದ್ದರು. ಅತ್ತೆಯ ಕಿವಿಯಲ್ಲಿ ಹೇಳಿದೆ.

ಅವರ ಮುಖ ನೋಡಲು ಆಗಲಿಲ್ಲ. ಲೋಟ ಕೆಳಗಿಟ್ಟರು. ಕೇಳಿದರು:

"ಹಂಗಾದ್ರೆ ಆ ರಾಗಿ ಯಾರ್ದು?"

"ನಂದೇ ಅತ್ತೆ, ಸುಮ್ಮನೆ—"

"ಬ್ಯಾಡ ಸ್ವಾತಿ."

ಅಕ್ಕ ಅಡುಗೆಮನೆಯಿಂದ ಬಂದು ಮಾವನ ಎದುರು ನಿಂತರು. ಕೈ ಎರಡೂ ಪಕ್ಕಕ್ಕೆ, ಹಿಮ್ಮಡಿ ಜೋಡಿಸಿ. ಹಿಂದೆ ಗೋಡೆ ಮೇಲೆ ಆ ಫೋಟೋ.

"ನಂದಪ್ಪ. ಬೀರು ಮಾಡೋದು ಕಲಿಯಾಕೆ ಹೋಗ್ಬೇಕಂತಿದೀನಿ. ಬುಧವಾರ ಬೆಂಗ್ಳೂರಿಗೆ ಕರೆದವ್ರೆ. ಅಲ್ಲಿ ತೋರ್ಸಾಕೆ ಮಾಡಿದ್ದು. ಈಗ ತೋರ್ಸಾಕೂ ಏನಿಲ್ಲ. ಆದ್ರೂ ಹೋಗ್ತೀನಿ."

ಮಾರುತೇಶ್ ಕೈಯಲ್ಲಿ ಶೂ ಹಾಗೇ. ಮಾವ ಪೇಪರ್ ಮಡಚಿದರು. ಎದ್ದರು. ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು. ಬೆಲ್ಟ್ ತರುತ್ತಾರೇನೋ ಅಂದುಕೊಂಡೆ, ದೇವರಾಣೆ!

ತಂದದ್ದು ಎರಡು ಬಾಟಲಿ. ಬಾಯಿಗೆ ಬಿರಡೆ, ಬಿರಡೆಯ ಮೇಲೆ ಕೆಂಪು ಅರಗಿನ ಸೀಲು. ಒಳಗೆ ರಾಗಿ. ಬಾಟಲಿಗೆ ಅಂಟಿಸಿದ ಚೀಟಿ. ದುಂಡಗಿನ ಅಕ್ಷರ. ಅವರೇ ಓದಿದರು, ಸಾಕ್ಷಿ ಹೇಳುವವರ ಹಾಗೆ.

"ಸ್ಥಳ, ಸ್ವಂತ ಮನೆ ತಾರಸಿ. ದಿನಾಂಕ ಹದ್ನಾಲ್ಕು ಆರು ಎರಡು ಸಾವ್ರದ ಮೂರು. ವಸ್ತು, ಮೊಳೆಸಿ ಒಣಗಿಸಿದ ರಾಗಿ. ವಾಸ್ನೆ, ಹಸೀಲಿ ಎಳೇ ಸೌತೆಕಾಯಿ, ಒಣಗಿದ ಮ್ಯಾಲೆ ಬಿಸ್ಕತ್ತು. ಕೊಳೆ ಅಲ್ಲ." ಎರಡನೆಯದು: "ದಿನಾಂಕ ಇಪ್ಪತ್ತು. ಅದೇ ವಸ್ತು. ಅರ್ಧ ದಿನ ತಡ ಆಗೈತೆ, ಮೊಳಕೆ ಉದ್ದ."

ಅಕ್ಕನ ಕಣ್ಣು ಚೀಟಿಯ ಮೇಲೆ.

"ನಿಮ್ಗೆ ಗೊತ್ತಿತ್ತಾ ಅಪ್ಪಾ?"

"ಮೂವತ್ತೊಂದು ವರ್ಷ ಇದೇ ವಾಸ್ನೆ ಹಿಡ್ಕಂಡು ಗುಡ್ಡ ಹತ್ತಿದೀನಿ. ಮಗ ಸೊಸೆ ಮಲಗೋ ಕೋಣೆಗೆ ನಾನು ಕಾಲಿಡಲ್ಲ. ಮೂಗಿಗೇನು ಬಾಗ್ಲು ಐತಾ?"

ಗಡಿಗೆ ಒಡೆಯುವ ಮುಂಚೆ ಸ್ಯಾಂಪಲ್ ತೆಗೆದು ಸೀಲ್ ಮಾಡಬೇಕು. ಅದು ನಿಯಮವಂತೆ. ತಾರಸಿಯಲ್ಲಿ ರಾಗಿ ಒಣಗುವಾಗ ಎರಡು ಸಲವೂ ತೆಗೆದಿಟ್ಟಿದ್ದಾರೆ. "ಕೇಳಾಣ ಅಂತ್ಲೇ ತೆಗೆದೆ. ಮಗಳಾದ್ರೇನು. ಆಮ್ಯಾಲೆ ಕುಂತ್ಕಂಡು ಯೋಚ್ನೆ ಮಾಡಿದೆ. ಮೊಳಕೆಗೆ ಯಾವ ಸೆಕ್ಷನ್ನೂ ಇಲ್ಲ."

ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತಾ ಇದ್ದರು.

"ಕೊಟ್ರಮ್ಮ ಅಂತ ಒಬ್ಳಿದ್ಲು, ಹೊಳಲ್ಕೆರೆ ಕಡೆ. ನಾಲ್ಕು ಸಲ ಅವಳ ಗಡಿಗೆ ಒಡ್ದಿದೀನಿ. ಒಡಿಯಾಕೆ ಮುಂಚೆ ಮೂಸ್ತಿದ್ದೆ. ಒಂದಿನಾನೂ ಕೆಟ್ಟ ವಾಸ್ನೆ ಇಲ್ಲ. ಅಂಥಾ ಕೈ. ಅವಳು ಅಳ್ತಿರ್ಲಿಲ್ಲ, ಸುಮ್ನೆ ನನ್ನ ಲಾಠಿ ನೋಡ್ತಿದ್ಲು. ಲೈಸೆನ್ಸ್ ಇರ್ಲಿಲ್ಲ, ಅಷ್ಟೆ ಅವಳ ತಪ್ಪು. ನಾನು ಕುಡ್ಯಲ್ಲ. ನೀನು ಮಾಡಿದ್ನೂ ಕುಡ್ಯಲ್ಲ. ಲೈಸೆನ್ಸ್ ಇರೋ ಕಡೆ ಮಾಡು, ಹೋಗು."

ಅಕ್ಕ ಇನ್ನೂ ಅಟೆನ್ಷನ್‌ನಲ್ಲೇ ಇದ್ದರು.

"ಪಂಚರ ರುಜು ಆಗಿಲ್ಲ" ಅಂದರು ಮಾವ, ಚೀಟಿ ನೋಡಿ. "ಸಾಕ್ಷಿಗೆ ಮನೆಯೋರು ಆಗಲ್ಲ. ಹೊರಗ್ನೋರು ಬೇಕು." ನನ್ನ ಕಡೆ ತಿರುಗಿದರು. "ನೀನು ಬಂದು ಇನ್ನೂ ತಿಂಗ್ಳಷ್ಟೆ ಆಗೈತೆ. ನಡೀತೈತೆ. ಹಾಕಮ್ಮ ರುಜು."

ನನಗೆ ನಗುವೂ ಅಳುವೂ. ಹಾಕಿದೆ. ಎರಡೂ ಚೀಟಿಗೆ. ಮದುವೆ ರಿಜಿಸ್ಟರಿಗಿಂತ ಚೆನ್ನಾಗಿ ಬಂತು ಸಹಿ!

ಅತ್ತೆ ಮಾತ್ರ ಇನ್ನೂ ಲೋಟ ನೋಡುತ್ತಿದ್ದರು. "ನನ್ ಕೈಗೆ ಏನ್ ಬಂದಿತ್ತೋ. ಒಂದು ಮಾತು ಕೇಳ್ಬಾರ್ದಾಗಿತ್ತಾ ನಾನು." ನಾನು ಲೋಟ ತೆಗೆದುಕೊಂಡು ಪೂರ್ತಿ ಕುಡಿದೆ. ಹೊಟ್ಟೆನೋವಿಗೆ ಹಿತವಾಗಿತ್ತು. "ಇನ್ನೊಂದು ಲೋಟ ಇದ್ಯಾ ಅತ್ತೆ?" ಅಂದೆ. ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ಜೂನ್ 28. ಶನಿವಾರ

ಅಕ್ಕ ನಿನ್ನೆ ಸಂಜೆ ಬಂದರು. ಬಸ್‌ಸ್ಟ್ಯಾಂಡಿಗೆ ನಾನೂ ಮಾರುತೇಶೂ ಬೈಕಿನಲ್ಲಿ ಹೋಗಿದ್ದೆವು. ಇಳಿಯುವ ಮುಂಚೆ ಕಿಟಕಿಯಿಂದಲೇ ಹೆಬ್ಬೆರಳು ತೋರಿಸಿದರು. ಬಸ್‌ಸ್ಟ್ಯಾಂಡ್ ಅಂತ ನೋಡದೆ ಕಿರುಚಿದೆ.

ಬ್ರೂಮಾಸ್ಟರ್ ರಬ್ಬರ್ ಬೂಟು ಹಾಕಿದ ಮುದುಕನಂತೆ. ಸೀಲ್ ಒಡೆದು, ಕಾಳು ಕಚ್ಚಿ, ಕಣ್ಣು ಮುಚ್ಚಿ ನಿಂತರಂತೆ. ಅವರಿಗೆ ಕನ್ನಡ ಬರಲ್ಲ. ಲ್ಯಾಬಿನವನನ್ನು ಕರೆದು ಚೀಟಿ ಓದಿಸಿ ಅರ್ಥ ಕೇಳಿದರು. "ಎಳೇ ಸೌತೆಕಾಯಿ" ಅಂದಾಗ ಕಣ್ಣು ಬಿಟ್ಟರು. ಬಾರ್ಲಿಗೂ ಅದೇ ವಾಸನೆಯಂತೆ! ಎರಡನೇ ಬಾಟಲಿಯ ಕಾಳು ಕಚ್ಚಿ, ಇದು ಅರ್ಧ ದಿನ ಹೆಚ್ಚಾಗಿದೆ ಅಂದರಂತೆ. ಚೀಟಿ ಓದಿಸಿದರೆ, ಅದೇ. ಬರೆದ ಕೆಮಿಸ್ಟ್ ಯಾರು ಅಂತ ಕೇಳಿದರಂತೆ.

"ಅಬಕಾರಿ ಗಾರ್ಡ್, ರಿಟೈರ್ಡ್, ನಮ್ಮಪ್ಪ ಅಂದೆ. ಕುರ್ಚಿ ಹಿಡ್ಕಂಡು ನಕ್ಕ ಮುದ್ಕ."

ಆರು ತಿಂಗಳು ಟ್ರೈನಿ. ಕಾಳಿನ ಗೋದಾಮು, ಲ್ಯಾಬು. ಸದ್ಯಕ್ಕೆ ಹಗಲು ಪಾಳಿ ಮಾತ್ರ. ಮಂಗಳವಾರದಿಂದ ಕೆಲಸ. ನಮ್ಮ ಕ್ಯಾಪ್ಟನ್ ಮತ್ತೆ ಬೂಟು ಹಾಕುತ್ತಾರೆ!

ಮಾವನಿಗೆ ಎಲ್ಲ ಹೇಳಿದರು. ಅವರು "ಹೂಂ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಇದ್ದಕ್ಕಿದ್ದಂತೆ: "ಅರ್ಧ ದಿನ ಅಂದ್ನಾ?"

"ಅಂದ್ರಪ್ಪ."

"ಹೂಂ."

ಊಟಕ್ಕೆ ಎರಡು ಮುದ್ದೆ ತಿಂದರು. ಯಾವತ್ತೂ ಒಂದೇ.

ಮುದುಕನಿಗೆ ಇನ್ನೂ ರಾಗಿ ಬೇಕಂತೆ. ಐದು ಕೆಜಿ, ಮೊದಲ ಬಾಟಲಿಯಲ್ಲಿದ್ದಂಥದ್ದೇ. ಸುಮ್ಮನೆ ಕುತೂಹಲಕ್ಕೆ. ಅಕ್ಕ ಹೊರಟ ದಿನವೇ ಮಾವ ಹೇಳದೆ ಕೇಳದೆ ಐದು ಸೇರು ರಾಗಿ ನೆನೆಹಾಕಿದ್ದರು. ಮೊಳಕೆ ಬರಿಸುವ ಜಾಗ ಮಾತ್ರ ಬದಲಾಗಿಲ್ಲ.

ಜೂನ್ 29. ಭಾನುವಾರ. ಬೆಳಗ್ಗೆ 9.40

ಬ್ಯಾಗ್ ರೆಡಿ. ನಾಳೆಯಿಂದ ಆಷಾಢ. ಹೊಸ ಸೊಸೆ ಒಂದು ತಿಂಗಳು ಅತ್ತೆಮನೆಯಲ್ಲಿ ಇರುವಂತಿಲ್ಲ. ಹತ್ತೂವರೆ ಬಸ್ಸಿಗೆ ಚಿತ್ರದುರ್ಗ. ಮೂವತ್ತು ದಿನ!! ಮಾರುತೇಶ್ ಬೆಳಗ್ಗೆಯಿಂದ ಶೂ ಒರೆಸುತ್ತಲೇ ಇದ್ದಾರೆ. ರಂಗಕ್ಕ ಬೀಳ್ಕೊಡಲು ಬಂದಿದ್ದಾರೆ. "ಒಂದ್ ತಿಂಗ್ಳು ಮಂಚದ ಮ್ಯಾಲೆ ಏನೂ ಮೊಳೆಯಲ್ಲ, ಕೆಳಗಾದ್ರೂ ಏನಾರ ಮೊಳೀಲಿ" ಅಂದರು. ಅತ್ತೆ ನಕ್ಕರು! ಹೋದ ಭಾನುವಾರದಿಂದ ಇವತ್ತೇ ಮೊದಲು.

ಅಕ್ಕ ನಾಳೆ ಹೊರಡುತ್ತಾರೆ. ಪುಸ್ತಕ ಮಾವನ ಕೈಗೆ ಬಂದಿದೆ. ಮೊದಲ ಪುಟದಲ್ಲಿ ಗೆರೆ ಎಳೆದು ಹೊಸ ಕಾಲಂ ಮಾಡಿದ್ದಾರೆ: "ವಾಸನೆ".

ಬಾಗಿಲ ಹೊರಗೆ ಕೆಮ್ಮು. ಎರಡು ಸಲ, ಸ್ವಲ್ಪ ಬಿಟ್ಟು ಒಂದು ಸಲ.

ಮಾವ. ನಾನು ಒಳಗಿರುವ ತನಕ ಹೊಸ್ತಿಲು ದಾಟಲ್ಲ. ತಿರುವುವ ಹೊತ್ತು ಹತ್ತು ನಿಮಿಷ ಮೀರಿದೆ. ಥರ್ಮಾಮೀಟರ್ ಇಪ್ಪತ್ತೊಂಬತ್ತು ತೋರಿಸುತ್ತಿದೆ, ಗೋಡೆ ಕಡೆಯ ಮೂಲೆ ಇನ್ನೂ ಬಿಸಿ, ಅದನ್ನು ಅವರಿಗೆ ಹೇಳಲೇಬೇಕು, ಮತ್ತೆ ಕೆಮ್ಮಿದರು, ಬಂದೆ ಮಾವ, ಬಂದೆ, ಒಳಗೆ ಬನ್ನಿ